ಪುರಿ ಮೆತ್ತಗಾಗೋಕೆ ಮುಂಚೆ

ಹೋದ ವಾರ ಆಫೀಸಲ್ಲಿ ಮತ್ತೆ ಅದೇ ಜಗಳ, ಯಾವ ಊರಿನ ಚಾಟ್ ಬೆಸ್ಟು ಅಂತ. ನಮ್ಮ ಟೀಮಲ್ಲಿ ಮುಂಬೈಯವಳು ಒಬ್ಳು, ಕೋಲ್ಕತ್ತಾದವನು ಒಬ್ಬ, ಹುಬ್ಳಿಯವ್ರು ಇಬ್ರು, ನಾನಂತೂ ಹುಟ್ಟಿ ಬೆಳೆದಿದ್ದೆಲ್ಲ ಬಸವನಗುಡಿ. ಅವಳು ವಡಾಪಾವ್ ಅಂತಾಳೆ, ಅವನು ಫುಚ್ಕಾ ಅಂತಾನೆ, ಹುಬ್ಳಿಯವ್ರಿಗೆ ಗಿರ್ಮಿಟ್ ಬಿಟ್ರೆ ಬೇರೆ ಏನೂ ಕಣ್ಣಿಗೆ ಬೀಳಲ್ಲ. ನಂದು ಮಸಾಲಪುರಿ. ಜಗಳ ಮುಗೀಲಿಲ್ಲ, ಆದ್ರೆ ಸಂಜೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಲ್ಲಿ ಮೆಟ್ರೋ ಇಳಿದು ನಡ್ಕೊಂಡು ಬರ್ತಾ ಒಂದು ವಿಷಯ ಹೊಳೀತು. ಇವೆಲ್ಲದರದ್ದೂ ಜೀವ ಇರೋದು ಗರಿಗರಿಯಲ್ಲಿ, ಕೈಗೆ ಬಂದ್ಮೇಲೆ ಅದು ಎಷ್ಟು ಹೊತ್ತು ತಡೆಯುತ್ತೆ ಅಂತ ನೋಡಿದ್ರೆ ಒಂದೊಂದರ ಗುಣ ತಾನಾಗೇ ಗೊತ್ತಾಗುತ್ತೆ.

ಪಾನಿಪುರಿ ಒಂದು ಕ್ಷಣಾನೂ ಕಾಯಲ್ಲ. ಭಯ್ಯಾ ಪುರಿ ಒಡೆದು, ತುಂಬಿ, ನೀರಲ್ಲಿ ಮುಳುಗಿಸಿ ಕೈಗಿಟ್ಟ ಅಂದ್ರೆ ಅಷ್ಟೇ, ಬಾಯಿಗೆ ಹಾಕ್ಕೋಬೇಕು, ಫೋನ್ ಬಂತು ಅಂತ ತಿರುಗಿದ್ರೆ ತಳ ಒದ್ದೆಯಾಗಿ ನೀರೆಲ್ಲ ಅಂಗಿ ಮೇಲೆ. ಇದೇ ದೆಹಲಿಯಲ್ಲಿ ಗೋಲ್‌ಗಪ್ಪಾ, ಒಡಿಶಾದಲ್ಲಿ ಗುಪ್‌ಚುಪ್, ಬಂಗಾಳದಲ್ಲಿ ಫುಚ್ಕಾ. ಆದ್ರೆ ಹೆಸರು ಮಾತ್ರ ಬೇರೆ ಅಂದ್ಕೋಬೇಡಿ, ಫುಚ್ಕಾದಲ್ಲಿ ಆಲೂಗಡ್ಡೆನ ಕಪ್ಪು ಕಡಲೆ ಜೊತೆ ಕೈಯಲ್ಲೇ ಹಿಸುಕಿ ಖಾರ ಹಚ್ಚಿರ್ತಾರೆ, ನೀರು ಹುಣಸೆಹಣ್ಣಿಂದು. ನಮ್ಮ ಬೆಂಗಳೂರಲ್ಲಿ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ ಬೀಳುತ್ತೆ, ಕೋಲ್ಕತ್ತಾ ಹುಡುಗನಿಗೆ ಅದನ್ನ ನೋಡಿದ್ರೇ ಆಗಲ್ಲ. ನನಗೆ ಅವನ ಮಾತು ಅರ್ಥ ಆಗುತ್ತೆ, ನಿಜ ಹೇಳ್ಬೇಕಂದ್ರೆ ಪಾನಿಪುರಿ ವಿಷಯದಲ್ಲಿ ಅವರದ್ದೇ ಮೇಲು.

ವಡಾಪಾವ್ ಇದಕ್ಕೆ ತದ್ವಿರುದ್ಧ. ದಾದರ್ ಸ್ಟೇಷನ್ ಹೊರಗೆ 1966ರಲ್ಲಿ ಅಶೋಕ್ ವೈದ್ಯ ಅನ್ನೋರು ಶುರು ಮಾಡಿದ್ದು ಅಂತ ಮುಂಬೈಯವ್ರು ಹೇಳ್ತಾರೆ, ಟ್ರೈನ್ ಹಿಡಿಯೋಕೆ ಓಡೋ ಜನಕ್ಕೆ ಒಂದು ಕೈಯಲ್ಲಿ ಹಿಡ್ಕೊಂಡು ತಿನ್ನೋ ಹಾಗೆ. ಪಾವು ಮೊದಲೇ ಮೆತ್ತಗಿರೋದ್ರಿಂದ ಕೆಡೋಕೆ ಏನೂ ಇಲ್ಲ, ಅರ್ಧ ಗಂಟೆ ಬ್ಯಾಗಲ್ಲಿದ್ರೂ ನಡೆಯುತ್ತೆ. ಒಣ ಬೆಳ್ಳುಳ್ಳಿ ಚಟ್ನಿ ಚೆನ್ನಾಗಿದ್ರೆ ಹೊಟ್ಟೆಗೂ ಆಯ್ತು, ನಾಲಿಗೆಗೂ ಆಯ್ತು. ಪಾವ್‌ಭಾಜಿನ ನಾನು ಈ ಲೆಕ್ಕಕ್ಕೇ ತಗೊಳ್ಳಲ್ಲ, ಅದು ಊಟ.

ಚುರುಮುರಿಗೆ ಐದು ನಿಮಿಷ ಟೈಮು. ಲಾಲ್‌ಬಾಗ್ ಗೇಟ್ ಹತ್ರ ಚುರುಮುರಿಯವನು ಕಲಸೋದನ್ನ ಒಂದ್ಸಲ ಸರಿಯಾಗಿ ನೋಡಿ. ಕಡ್ಲೆಪುರಿ ಹಾಕಿ ಮೊದಲು ಕೊಬ್ಬರಿ ಎಣ್ಣೆ, ಖಾರದ ಪುಡಿ, ಉಪ್ಪು, ಅದಾದ್ಮೇಲೆ ಕ್ಯಾರೆಟ್, ಈರುಳ್ಳಿ, ಮಾವಿನಕಾಯಿ ಕಾಲದಲ್ಲಿ ಅದರ ತುರಿ, ಕೊನೆಗೆ ಟೊಮೇಟೊ, ನಿಂಬೆಹಣ್ಣು, ಕೈಯಲ್ಲಿ ಪುಡಿ ಮಾಡಿದ ನಿಪ್ಪಟ್ಟು. ಎಣ್ಣೆ ಮೊದಲು ಸವರಿಬಿಟ್ರೆ ಪುರಿ ಟೊಮೇಟೊ ನೀರನ್ನ ಬೇಗ ಹೀರಲ್ಲ, ಅದಕ್ಕೇ ಆ ಕ್ರಮ. ನಾನು ಮನೇಲಿ ಎಲ್ಲ ಒಟ್ಟಿಗೆ ಸುರಿದು ಕಲಸಿದಾಗ ಯಾಕೆ ಮುದ್ದೆ ಆಗ್ತಿತ್ತು ಅಂತ ಆಮೇಲೆ ಗೊತ್ತಾಯ್ತು. ಹುಬ್ಳಿ ಕಡೆ ಚುರುಮುರಿ ಅಂದ್ರೆ ಆ ಪುರಿನೇ, ನಾವು ಚುರುಮುರಿ ಅನ್ನೋದು ಕಲಸಿದ್ದನ್ನ, ಇದರ ಮೇಲೂ ಆಫೀಸಲ್ಲಿ ಹತ್ತು ನಿಮಿಷ ವಾದ ಆಯ್ತು. ಅವರ ಗಿರ್ಮಿಟ್‌ಗೆ ಈರುಳ್ಳಿ, ಟೊಮೇಟೊ, ಹುಣಸೆಹುಳಿ, ಬೆಲ್ಲ ಹಾಕಿ ಬೇಯಿಸಿದ ಮಸಾಲೆ, ಮೇಲೆ ಪುಟಾಣಿ ಹಿಟ್ಟು. ಆ ಹಿಟ್ಟು ತೇವ ಎಲ್ಲ ಹಿಡ್ಕೊಳ್ಳುತ್ತೆ, ಹಾಗಾಗಿ ಗಿರ್ಮಿಟ್ ಸ್ವಲ್ಪ ಮೆತ್ತಗಾದ್ರೂ ಬೇಜಾರಾಗಲ್ಲ, ಗರಿಗರಿಗೆ ಪಕ್ಕದಲ್ಲಿ ಮಿರ್ಚಿ ಭಜಿ ಇದ್ದೇ ಇದೆ. ತುಂಬಾ ಬುದ್ಧಿವಂತಿಕೆಯ ತಿಂಡಿ ಅದು.

ಈಗ ಮಸಾಲಪುರಿ. ಇದೊಂದು ಮಾತ್ರ ಪುರಿ ಮೆತ್ತಗಾಗೋದನ್ನೇ ರುಚಿ ಮಾಡ್ಕೊಂಡಿದೆ. ಗಾಡಿಯಲ್ಲಿ ದೊಡ್ಡ ಕಬ್ಬಿಣದ ತವಾ, ಅದರ ಸುತ್ತ ಬಟಾಣಿ ಮಸಾಲೆ ಗುಡ್ಡೆ ಹಾಕಿ ಇಟ್ಟಿರ್ತಾರೆ, ನಡುವೆ ರಸ ಕುದೀತಾ ಇರುತ್ತೆ. ಒಣ ಬಟಾಣಿ ಹಿಂದಿನ ರಾತ್ರಿನೇ ನೆನೆಹಾಕಿ ಬೇಯಿಸಿದ್ದು, ಪುದೀನ, ಕೊತ್ತಂಬರಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ರುಬ್ಬಿ ಹಾಕಿದ್ದು. ನಾನು ಸಜ್ಜನ್ ರಾವ್ ಸರ್ಕಲ್ ಹತ್ರ ತಿಂಡಿ ಬೀದಿಗೆ ಹೋದಾಗೆಲ್ಲ ಪ್ಲೇಟ್ ಕಟ್ಟೋದನ್ನೇ ನೋಡ್ತಾ ನಿಂತ್ಕೊಳ್ತೀನಿ. ಅಂಗೈಯಲ್ಲಿ ಐದಾರು ಪುರಿ ಹಿಡಿದು ಒಂದೇ ಸಲ ಹಿಸುಕ್ತಾರೆ, ಕರ್ ಅಂತ ಸದ್ದು, ಪುಡಿ ಆಗಬಾರದು ತುಂಡಾಗಬೇಕು, ಅದರ ಮೇಲೆ ಬಿಸಿ ರಸ ಎರಡು ಸೌಟು, ಕ್ಯಾರೆಟ್, ಈರುಳ್ಳಿ, ಕೊತ್ತಂಬರಿ, ಸೇವ್. ಮೊದಲನೇ ಸ್ಪೂನಲ್ಲಿ ಪುರಿ ಗಟ್ಟಿ, ಮೂರನೇದ್ರಲ್ಲಿ ಅಂಚು ಗರಿ ನಡು ಮೆತ್ತಗೆ, ಕೊನೇಲಿ ತಟ್ಟೆ ತಳದಲ್ಲಿ ರಸ ಕುಡಿದ ಪುರಿ ಬಾಯಲ್ಲಿ ಕರಗುತ್ತೆ. ಒಂದೇ ಪ್ಲೇಟಲ್ಲಿ ಮೂರು ತಿಂಡಿ. ಡಿಸೆಂಬರ್ ಚಳೀಲಿ ಸಂಜೆ ಏಳು ಗಂಟೆಗೆ ಆ ಹಬೆ ಮುಖಕ್ಕೆ ಬಡಿದಾಗ ಬೇರೆ ಯಾವ ಚಾಟೂ ನೆನಪಾಗಲ್ಲ ನನಗೆ.

ಒಂದು ವಿಷಯ ಮಾತ್ರ ಹೇಳ್ಲೇಬೇಕು, ಬಣ್ಣ. 2024ರ ಮಾರ್ಚಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡ್ತು, ಅದೇ ವರ್ಷ ಪಾನಿಪುರಿ ಸ್ಯಾಂಪಲ್‌ಗಳಲ್ಲೂ ಬಣ್ಣ ಸಿಕ್ತು. ಪುದೀನ ಅರೆದಿಟ್ರೆ ಎರಡು ಮೂರು ಗಂಟೆಗೆ ಕಪ್ಪು ತಿರುಗುತ್ತೆ, ಮನೇಲಿ ಚಟ್ನಿ ಮಾಡೋರಿಗೆಲ್ಲ ಗೊತ್ತು. ರಾತ್ರಿ ಒಂಬತ್ತಕ್ಕೂ ನೀರು ಪಳಪಳ ಹಸಿರು ಇದ್ರೆ ನಾನು ಅಲ್ಲಿ ನಿಲ್ಲಲ್ಲ, ಮಕ್ಕಳನ್ನ ಕರ್ಕೊಂಡು ಹೋಗೋರು ದಯವಿಟ್ಟು ಇದನ್ನ ನೋಡಿ.

ಅಮ್ಮಂಗೆ ಮಂಡಿ ನೋವು ಬಂದ್ಮೇಲೆ ಗಾಡಿ ಹತ್ರ ನಿಂತು ತಿನ್ನೋಕಾಗಲ್ಲ, ಅವರಿಗೂ ಮಸಾಲಪುರಿ ಅಂದ್ರೆ ಪ್ರಾಣ. ಎರಡು ತಿಂಗಳ ಹಿಂದೆ ಒಂದು ಅಂಗಡೀಲಿ ಪಾರ್ಸೆಲ್ ಹೇಳ್ದೆ, ಅವರು ಪುರಿ ರಸ ಸೇವ್ ಎಲ್ಲ ಒಂದೇ ಡಬ್ಬೀಲಿ ಹಾಕಿ ಕೊಟ್ಬಿಟ್ರು, ಮಳೆ, ಟ್ರಾಫಿಕ್ಕು, ಮನೆ ತಲುಪೋ ಹೊತ್ತಿಗೆ ಮುಕ್ಕಾಲು ಗಂಟೆ. ಮುಚ್ಚಳ ತೆಗೆದ್ರೆ ಅಂಬಲಿ. ಅಮ್ಮ ಏನೂ ಅನ್ನದೆ ಪೂರ್ತಿ ತಿಂದ್ರು, ಡಬ್ಬಿ ತೊಳೆದಿಟ್ಟು ಆಮೇಲೆ ಮೆಲ್ಲಗೆ ಹೇಳಿದ್ರು, "ಇನ್ನೊಂದ್ಸಲ ಪುರಿ ಬೇರೆ ಕಟ್ಟಿಸ್ಕೊಂಡು ಬಾ ಮಗಾ, ನಾನೇ ಒಡ್ಕೊಳ್ತೀನಿ."

ಈಗ ಹಾಗೇ ಮಾಡ್ತೀನಿ. ರಸ ಒಂದು ಕವರು, ಪುರಿ ಒಂದು, ಸೇವ್ ಪೊಟ್ಟಣ ಒಂದು. ಬಂದ ತಕ್ಷಣ ರಸಾನ ಸ್ಟೋವ್ ಮೇಲಿಟ್ಟು ಒಂದು ಕುದಿ ಬರಿಸ್ತೀನಿ, ಅಷ್ಟರಲ್ಲಿ ಅಮ್ಮ ಸ್ಟೀಲ್ ತಟ್ಟೆ ಮಡಿಲಲ್ಲಿಟ್ಕೊಂಡು ಎರಡೂ ಕೈಯಲ್ಲಿ ಪುರಿ ಹಿಸುಕಿ ರೆಡಿ ಮಾಡ್ಕೊಂಡು ಕೂತಿರ್ತಾರೆ.