ಬಾನೆಟ್ ಮೇಲಿನ ಬಿಳಿ ಚುಕ್ಕೆಗಳು

ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟಿದ್ದರಿಂದ ನನ್ನ ಕಪ್ಪು ಕಾರಿನ ಬಾನೆಟ್ ತುಂಬ ಬಿಳಿ ಚುಕ್ಕೆಗಳು ಕಚ್ಚಿಕೊಂಡಿದ್ದವು. ವಿನೆಗರ್‌ಗೂ ಜಗ್ಗದವನ್ನು ಉಜ್ಜಿಯೇ ತೆಗೆಯಬೇಕಾಯಿತು.

ನಾನು ಮೊದಲು ಕೊಂಡದ್ದು ಪಾಲಿಷ್ ಯಂತ್ರವನ್ನಲ್ಲ, ಬಣ್ಣದ ದಪ್ಪ ಅಳೆಯುವ ಮೀಟರನ್ನು. ಬಣ್ಣದ ಮೇಲಿರುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೇ, ತಲೆಗೂದಲಿಗಿಂತ ತೆಳು. ಮೀಟರ್ ಪ್ರೈಮರ್, ಬಣ್ಣ ಎಲ್ಲವನ್ನೂ ಸೇರಿಸಿಯೇ ತೋರಿಸುತ್ತದೆ; ಆದರೂ ಉಜ್ಜುವ ಮುಂಚಿನ ಮತ್ತು ನಂತರದ ಅಂಕಿಗಳ ವ್ಯತ್ಯಾಸ ಸಾಕು. 118 ಮೈಕ್ರಾನ್ ಇದ್ದದ್ದು 114ಕ್ಕೆ ಇಳಿದಾಗ ಕೈ ತಡೆದೆ.

ಉಜ್ಜಿದ ಮರಳು ಕಾಗದ ಮೊದಲು 2000 ಗ್ರಿಟ್, ಆಮೇಲೆ ಇನ್ನೂ ನುಣುಪಾದ 3000. ಎರಡನ್ನೂ ನೀರಿನಲ್ಲಿ ನೆನೆಸಿ, ಮೆತ್ತನೆಯ ಫೋಮ್ ಬ್ಲಾಕ್‌ಗೆ ಸುತ್ತಿಕೊಂಡೆ. ಬರಿಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡಕ್ಕೆ ಗೀರುಗಳು ಆಳವಾಗುತ್ತವೆ.

ಕಾಗದದ ಗೀರುಗಳನ್ನು ಅಳಿಸುವ ಪಾಲಿಷ್ ಯಂತ್ರದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ: ಮನೆಯಲ್ಲಿ ಮಾಡುವವರಿಗೆ ಪ್ಯಾಡ್ ತಿರುಗುತ್ತಲೇ ಅತ್ತಿತ್ತ ಓಲಾಡುವ ಡ್ಯುಯಲ್ ಆ್ಯಕ್ಷನ್ ಪಾಲಿಷರ್ರೇ ಸರಿ. ಒಂದೇ ಸುತ್ತಿನಲ್ಲಿ ತಿರುಗುವ ರೋಟರಿ ಯಂತ್ರ ಪದರವನ್ನು ಬೇಗ ಸವೆಸುತ್ತದೆ, ನಿಜ. ಆದರೆ ಒಂದೇ ಕಡೆ ನಿಂತರೆ ಬಣ್ಣ ಕಾದು ಸುಡುತ್ತದೆ. ಬಣ್ಣ ತೆಳುವಾಗಿರುವ ಅಂಚುಗಳಿಗಂತೂ ಟೇಪ್ ಹಚ್ಚಲೇಬೇಕು. 5 ಇಂಚಿನ ಮೈಕ್ರೋಫೈಬರ್ ಪ್ಯಾಡ್‌ನಲ್ಲಿ ಗೀರು ತೆಗೆಯುವ ಕಾಂಪೌಂಡ್ ಪೇಸ್ಟ್, ಕೊನೆಗೆ ಮೃದು ಫೋಮ್‌ನಲ್ಲಿ ಪಾಲಿಷ್.

ಸಂಜೆ ಆರಕ್ಕೆ ಬಾನೆಟ್‌ನಲ್ಲಿ ನಮ್ಮ ತೆಂಗಿನ ಗರಿಗಳು ಎಳೆಎಳೆಯಾಗಿ ಕಂಡವು.