ಬಿಲ್ಲಿನ ಮೇಲೆ ಯಾರ ಹೆಸರಿದೆ?

ದ್ರಾಕ್ಷಿ ತೋಟಗಳ ಪ್ರಮಾಣಪತ್ರದ ಖರ್ಚಿಗೆ ಸರ್ಕಾರದ ನೆರವು ಕೋರಿ ನಾವು 25 ಅರ್ಜಿ ಸಲ್ಲಿಸಿದೆವು, 9 ಮಂಜೂರಾದವು. ಉಳಿದ 16 ಅರ್ಜಿಗಳು ತಿರುಗಿ ಬಂದದ್ದಕ್ಕೆ ಕಚೇರಿಯವರು ಕಾರಣರಲ್ಲ, ರೈತರೂ ಕಾರಣರಲ್ಲ. ಕಾಗದಗಳನ್ನು ಜೋಡಿಸಿದವನು ನಾನು.

ಜತ್ತ ತಾಲೂಕಿನ ಪೂರ್ವ ಭಾಗದ ದ್ರಾಕ್ಷಿ ಬೆಳೆಗಾರರ ಕಂಪನಿಯೊಂದರಲ್ಲಿ ನಾನು ಲೆಕ್ಕಿಗ. ನಮ್ಮದು ಸಾಂಗ್ಲಿ ಜಿಲ್ಲೆಯಾದರೂ ನಮಗೆ ವಿಜಯಪುರವೇ ಹತ್ತಿರ. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತಲ್ಲ, ಅದರಲ್ಲಿ ಹುಟ್ಟಿದ ಕಂಪನಿ ಇದು. ಒಂದು ಸಂಸ್ಥೆಯ ಆಡಳಿತ ವೆಚ್ಚಕ್ಕೆಂದು ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ಸಿಗುವ ಯೋಜನೆ; ನನ್ನ ಸಂಬಳ ಬಂದದ್ದೂ ಅದರಿಂದಲೇ. ಸರ್ಕಾರದ ಹಣ ಹೇಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ನನಗೆ ತಿಳಿದಿದೆ ಎಂದೇ ನಂಬಿದ್ದೆ.

ಯುರೋಪಿಗೆ ದ್ರಾಕ್ಷಿ ಹೋಗಬೇಕಾದರೆ ಎರಡು ಬಾಗಿಲು ದಾಟಬೇಕು. ಮೊದಲನೆಯದು ಸರ್ಕಾರದ್ದು. ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೇಡಾ ನಡೆಸುವ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಗ್ರೇಪ್‌ನೆಟ್‌ನಲ್ಲಿ ಪ್ರತಿಯೊಂದು ಪಡವೂ, ಅಂದರೆ ದ್ರಾಕ್ಷಿ ತೋಟವೂ, ನೋಂದಣಿಯಾಗಬೇಕು. ಕೊಯ್ಲಿಗೆ ಮುಂಚೆ ಪ್ರಯೋಗಾಲಯದವರೇ ಬಂದು ಮಾದರಿ ಕಿತ್ತುಕೊಂಡು ಹೋಗಿ ಔಷಧದ ಉಳಿಕೆಯನ್ನು ಪರೀಕ್ಷಿಸುತ್ತಾರೆ. ಎರಡನೆಯದು ಕೊಳ್ಳುವವರದ್ದು. ಅಲ್ಲಿನ ದೊಡ್ಡ ಅಂಗಡಿಗಳು ಉತ್ತಮ ಕೃಷಿ ಪದ್ಧತಿ ಪಾಲಿಸಿದ್ದಕ್ಕೆ ಕೊಡುವ ಗ್ಲೋಬಲ್‌ಗ್ಯಾಪ್ ಪ್ರಮಾಣಪತ್ರ ಕೇಳುತ್ತವೆ. ಪ್ರತ್ಯೇಕ ಮಿತಿ ಗೊತ್ತುಮಾಡದ ಔಷಧವಾದರೆ ಯುರೋಪು ಒಪ್ಪುವ ಉಳಿಕೆ ಕಿಲೋಗೆ 0.01 ಮಿಲಿಗ್ರಾಂ, ಅಂದರೆ ನೂರು ಟನ್ ದ್ರಾಕ್ಷಿಯಲ್ಲಿ ಒಂದೇ ಒಂದು ಗ್ರಾಂ. 2010ರಲ್ಲಿ ನಮ್ಮವರು ಸಿಸಿಸಿ ಎಂದು ಕರೆಯುವ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಭಾರತದ ದ್ರಾಕ್ಷಿಯಲ್ಲಿ ಸಿಕ್ಕಿಬಿದ್ದು, ಯುರೋಪಿಗೆ ಹೋದ ಮಾಲು ತಿರಸ್ಕೃತವಾಯಿತು. ಬಳ್ಳಿ ಸೊಕ್ಕಿ ಬೆಳೆಯದಿರಲಿ ಎಂದು ಹೊಡೆಯುವ ಔಷಧ ಅದು. ಹಿರಿಯ ಬೆಳೆಗಾರರ ಮುಂದೆ ಇವತ್ತಿಗೂ ಆ ವರ್ಷದ ಮಾತು ತೆಗೆದರೆ ಅವರ ಮುಖ ಬದಲಾಗುತ್ತದೆ.

ನಮ್ಮ 25 ಜನರ ಪಡಗಳು ಅದಾಗಲೇ ಪ್ರಮಾಣಪತ್ರ ಕಂಡಿದ್ದವು. ರಫ್ತು ಮಾಡುವ ಸಂಸ್ಥೆಯೊಂದು ಎರಡು ವರ್ಷ ತನ್ನ ಖರ್ಚಿನಲ್ಲೇ ಆಡಿಟ್ ಮಾಡಿಸಿತ್ತು. ಒಂದು ಪೈಸೆಯೂ ಕೊಡದೆ ಪ್ರಮಾಣಪತ್ರ ಬಂತೆಂದು ಎಲ್ಲರಿಗೂ ಸಂತೋಷವಾಗಿತ್ತು. ಮೂರನೆಯ ವರ್ಷ ಅವರು ಹೇಳಿದ ದರ ನಮಗೆ ಒಪ್ಪಿಗೆಯಾಗಲಿಲ್ಲ. ಬೇರೆಯವರಿಗೆ ಮಾರೋಣವೆಂದು ಹೊರಟಾಗ ಸತ್ಯ ತಿಳಿಯಿತು. ಪ್ರಮಾಣಪತ್ರದ ಒಡೆತನ ಆ ಸಂಸ್ಥೆಯದ್ದು, ನಮ್ಮ ಪಡಗಳು ಅದರ ಪಟ್ಟಿಯಲ್ಲಿನ ಸಾಲುಗಳು ಮಾತ್ರ. ಶೌಚಾಲಯ ಕಟ್ಟಿದವರು ನಾವು, ಔಷಧದ ಕೋಣೆಗೆ ಬೀಗ ಹಾಕಿದವರು ನಾವು, ಡೈರಿ ಬರೆದವರು ನಾವು. ಅವರ ಕೈಬಿಟ್ಟ ದಿನ ನಮ್ಮ ದ್ರಾಕ್ಷಿ ಮತ್ತೆ ಪ್ರಮಾಣಪತ್ರವಿಲ್ಲದ ದ್ರಾಕ್ಷಿಯಾಯಿತು. ಆ ಸಂಸ್ಥೆ ನಿಯಮ ಮೀರಿರಲಿಲ್ಲ. ಹಣ ಕೊಟ್ಟವರು ಹೆಸರು ಬರೆಸಿಕೊಂಡಿದ್ದರು, ನಾವು ಓದದೆ ಸಹಿ ಹಾಕಿದ್ದೆವು. ಆ ಹಂಗಾಮಿನ ಮಾಲಿನಲ್ಲಿ ಬಹುಪಾಲು ಒಣದ್ರಾಕ್ಷಿಯ ರ‍್ಯಾಕ್ ಸೇರಿತು.

ಹೀಗಾಗಿ 2022ರಲ್ಲಿ ಕಂಪನಿಯ ಹೆಸರಿನಲ್ಲೇ ಪ್ರಮಾಣಪತ್ರ ಪಡೆಯಲು ನಿರ್ಧರಿಸಿದೆವು. ಗುಂಪಾಗಿ ಹೋದರೆ ಖರ್ಚು ಬಹಳ ಇಳಿಯುತ್ತದೆ. ಒಬ್ಬೊಬ್ಬರೇ ಹೋದರೆ 25 ಆಡಿಟ್. ಗುಂಪಿನಲ್ಲಿ ಹೊರಗಿನ ಆಡಿಟರ್ ನೋಡುವುದು ಸದಸ್ಯರ ಸಂಖ್ಯೆಯ ವರ್ಗಮೂಲದಷ್ಟು ತೋಟಗಳನ್ನು, ಅಂದರೆ 25ಕ್ಕೆ 5. ಎಲ್ಲ 25 ತೋಟಗಳನ್ನೂ ನಮ್ಮದೇ ಒಳ ತಪಾಸಣೆಗಾರರು ಮೊದಲು ನೋಡಿ ವರದಿ ಬರೆದಿರಬೇಕು, ಆ ವರದಿಗಳನ್ನೂ ಆಡಿಟರ್ ಕೆದಕುತ್ತಾರೆ. ಒಬ್ಬರ ಅಜಾಗರೂಕತೆ ಎಲ್ಲರಿಗೂ ತಟ್ಟುವ ವ್ಯವಸ್ಥೆ ಇದು. ನಮ್ಮೂರುಗಳಲ್ಲಿ ಗಡಿಗಲ್ಲಿಗಾಗಿ ಮಾತು ಬಿಟ್ಟಿದ್ದ ಇಬ್ಬರು ಒಬ್ಬರ ಔಷಧದ ಕೋಣೆಯನ್ನು ಇನ್ನೊಬ್ಬರು ತಪಾಸಣೆ ಮಾಡಿದ್ದನ್ನು ನಾನು ಕಂಡಿದ್ದೇನೆ.

ಇನ್ನು ನೆರವಿನ ವಿಷಯ. ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನ 2014ರ ಮಾರ್ಗಸೂಚಿಯಲ್ಲಿ ಉತ್ತಮ ಕೃಷಿ ಪದ್ಧತಿಯ ಪ್ರಮಾಣೀಕರಣಕ್ಕೆ, ಅದಕ್ಕೆ ಬೇಕಾದ ಕಟ್ಟಡ ಸಲಕರಣೆಗಳೂ ಸೇರಿ, ಹೆಕ್ಟೇರಿಗೆ 10,000 ರೂಪಾಯಿ ವೆಚ್ಚವೆಂದು ಹಿಡಿದು ಅದರಲ್ಲಿ ಅರ್ಧ ಕೊಡುತ್ತಿದ್ದರು, ಒಬ್ಬ ಫಲಾನುಭವಿಗೆ ಗರಿಷ್ಠ 4 ಹೆಕ್ಟೇರು. ನಮ್ಮ 25 ಜನರದ್ದು ಸೇರಿ 17 ಹೆಕ್ಟೇರು ಇತ್ತು. 85,000 ರೂಪಾಯಿ ಬರುತ್ತದೆ ಎಂದು ಸಭೆಯಲ್ಲಿ ಹಲಗೆಯ ಮೇಲೆ ಬರೆದವನು ನಾನೇ. ಆ ಅಂಕಿ ನೋಡಿಯೇ ಕೆಲವರು ಧೈರ್ಯ ಮಾಡಿದರು.

ಹಲಗೆಯ ಮೇಲೆ ನಾನು ಬರೆಯದೆ ಬಿಟ್ಟದ್ದು ಹೆಚ್ಚು ಮುಖ್ಯವಾಗಿತ್ತು. ಒಂದು ಎಕರೆಯವನ ಪಾಲಿಗೆ ಅದರಲ್ಲಿ ಬರುತ್ತಿದ್ದದ್ದು ಸುಮಾರು 2,000 ರೂಪಾಯಿ. ಅವನ ಪಡಕ್ಕೂ ಬೀಗ ಹಾಕುವ ಔಷಧದ ಕೋಣೆ ಬೇಕು, ಕೈ ತೊಳೆಯುವ ಜಾಗ ಬೇಕು, ಕೂಲಿಗೆ ಬರುವ ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ಔಷಧ ಹೊಡೆಯುವವನಿಗೆ ಕೈಗವಸು, ಮುಖಕವಚ ಬೇಕು, ನೀರಿನ ಪರೀಕ್ಷೆ ಆಗಬೇಕು. ಹತ್ತು ಎಕರೆಯವನಿಗೂ ಇಷ್ಟೇ ಬೇಕು. ಖರ್ಚು ತೋಟಕ್ಕೆ ಒಂದರಂತೆ ಬೀಳುತ್ತದೆ, ನೆರವು ಹೆಕ್ಟೇರಿನ ಲೆಕ್ಕದಲ್ಲಿ ಬರುತ್ತದೆ. ಸಣ್ಣ ಹಿಡುವಳಿಯವರ ಗುಂಪುಗಳಿಗೆ ಆಡಿಟ್ ಶುಲ್ಕವನ್ನಾದರೂ ನೇರವಾಗಿ ಗುಂಪಿಗೇ ಕೊಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹೇಳುವ ಅವಕಾಶ ಸಿಕ್ಕ ಸಭೆಗಳಲ್ಲೆಲ್ಲ ಹೇಳುತ್ತಿದ್ದೇನೆ. ಇದರ ಮೇಲೆ ಪ್ರಮಾಣಪತ್ರದ ಆಯಸ್ಸು ಒಂದೇ ವರ್ಷ.

ಆಡಿಟ್ ಫೆಬ್ರವರಿಯಲ್ಲಿ, ಕೊಯ್ಲಿನ ಸಮಯದಲ್ಲಿ ನಡೆಯಿತು. ಪುಣೆಯಿಂದ ಬಂದ ಆಡಿಟರ್ ಸಾಹೇಬರಿಗೆ ಕನ್ನಡ ಬಾರದು. ಅವರ ಪ್ರಶ್ನೆಪಟ್ಟಿ ಇಂಗ್ಲಿಷಿನಲ್ಲಿ, ನಮ್ಮ ಡೈರಿಗಳು ಕನ್ನಡದಲ್ಲಿ. ನಾನು ನಡುವೆ ಕುಳಿತೆ. ಮೂರನೆಯ ತೋಟದಲ್ಲಿ ಒಬ್ಬ ಅಕ್ಕ ಮಗನ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಪ್ರತಿ ಸಂಜೆ ಬರೆದಿಟ್ಟಿದ್ದ ಡೈರಿಯನ್ನು ತಂದಿಟ್ಟರು. ಯಾವ ದಿನ ದಾವಣಿ ರೋಗಕ್ಕೆ ಯಾವ ಔಷಧ, ಎಷ್ಟು ಲೀಟರ್ ನೀರಿಗೆ ಎಷ್ಟು, ಹೊಡೆದದ್ದು ಯಾರು, ಅಂದು ಮೋಡ ಇತ್ತೋ ಇಲ್ಲವೋ, ಎಲ್ಲವೂ ಅದರಲ್ಲಿತ್ತು. ಕೊನೆಯ ಔಷಧಕ್ಕೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ಬೆರಳು ಮಡಚಿ ಎಣಿಸಿ ತೋರಿಸಿದರು. ಸಾಹೇಬರು ನನ್ನ ಅನುವಾದವನ್ನು ಅರ್ಧಕ್ಕೇ ನಿಲ್ಲಿಸಿ ಪುಟಗಳನ್ನು ತಾವೇ ತಿರುವಿದರು. ಶಾಯಿಯ ಬಣ್ಣ ಬದಲಾಗಿದೆ, ಒಂದು ಪುಟದ ಮೇಲೆ ಅರಿಶಿನದ ಬೆರಳಿನ ಗುರುತಿದೆ. ಇದು ಒಂದೇ ರಾತ್ರಿ ಕುಳಿತು ಬರೆದದ್ದಲ್ಲ ಎಂದು ಮರಾಠಿಯಲ್ಲಿ ಹೇಳಿದರು.

ಆಮೇಲೆ ಕೇಳಿದರು: "ಔಷಧ ಬೆರೆಸುವವರು ಯಾರು?"

"ನಾನೇ ಬೆರೆಸುತ್ತೇನೆ" ಎಂದರು ಅಕ್ಕ.

"ನಿಮ್ಮ ತರಬೇತಿ ಪತ್ರ ತೋರಿಸಿ."

ಪತ್ರ ಇತ್ತು, ಅವರ ಯಜಮಾನರ ಹೆಸರಿನಲ್ಲಿ. ಜಮೀನಿನ ಪಹಣಿಯಾದ ಸಾತಬಾರಾ ಉತಾರೆಯಲ್ಲಿ ಇದ್ದದ್ದು ಅವರ ಹೆಸರೆಂದು ತರಬೇತಿಗೂ ಅವರನ್ನೇ ಕರೆದಿದ್ದೆ. ಅವರು ವರ್ಷದಲ್ಲಿ ಏಳು ತಿಂಗಳು ಲಾರಿ ಓಡಿಸುತ್ತಾರೆ. ಆಡಿಟರ್ ಅದನ್ನು ಕೊರತೆ ಎಂದು ಬರೆದು, ತಿದ್ದಿಕೊಳ್ಳಲು ಕಾಲಾವಕಾಶ ಕೊಟ್ಟರು. ಮತ್ತೊಮ್ಮೆ ತರಬೇತಿ ನಡೆಸಿ, ಈ ಸಲ ನಿಜವಾಗಿ ಪಂಪು ಹಿಡಿಯುವವರನ್ನೂ ಔಷಧ ಬೆರೆಸುವವರನ್ನೂ ಕೂರಿಸಿದೆವು. ಬಂದ 31 ಜನರಲ್ಲಿ 12 ಮಂದಿ ಹೆಂಗಸರು. ಪ್ರಮಾಣಪತ್ರ ಬಂತು, ಕಂಪನಿಯ ಹೆಸರಿನಲ್ಲೇ ಬಂತು.

ಆ ದಿನವೇ ನಾನು ಎಚ್ಚತ್ತುಕೊಳ್ಳಬೇಕಿತ್ತು. ತರಬೇತಿ ಪತ್ರದಲ್ಲಿ ಆದ ತಪ್ಪು ನೆರವಿನ ಅರ್ಜಿಗಳಲ್ಲಿಯೂ ಆಗಿರಬಹುದು ಎಂದು ನನಗೆ ಹೊಳೆಯಲಿಲ್ಲ.

ತಿರುಗಿ ಬಂದ 16ರಲ್ಲಿ 7 ಜನ ಔಷಧದ ಕೋಣೆಯನ್ನು ಕಚೇರಿಯ ಪೂರ್ವಸಮ್ಮತಿ ಪತ್ರ ಬರುವ ಮೊದಲೇ ಕಟ್ಟಿ ಮುಗಿಸಿದ್ದರು. ಆಡಿಟ್ ಹತ್ತಿರ ಬಂತು, ಬೇಗ ಕಟ್ಟಿರಿ ಎಂದು ಅವಸರ ಮಾಡಿದ್ದು ನಾನು. ಪತ್ರದ ದಿನಾಂಕಕ್ಕಿಂತ ಹಿಂದಿನ ಬಿಲ್ಲು ಲೆಕ್ಕಕ್ಕೆ ಬರಲಿಲ್ಲ. 5 ಜನ ಆಡಿಟ್ ಶುಲ್ಕದ ತಮ್ಮ ಪಾಲನ್ನು ನನ್ನ ಕೈಗೆ ನಗದಾಗಿ ಕೊಟ್ಟಿದ್ದರು. ಆಡಿಟ್ ಸಂಸ್ಥೆಯ ಬಿಲ್ಲು ಕಂಪನಿಯ ಹೆಸರಿನಲ್ಲಿ, ಅರ್ಜಿ ರೈತರ ಹೆಸರಿನಲ್ಲಿ, ಎರಡನ್ನೂ ಜೋಡಿಸುವ ಒಂದು ಸಾಲೂ ಅವರ ಪಾಸ್‌ಬುಕ್ಕಿನಲ್ಲಿರಲಿಲ್ಲ. ನಾನು ಬರೆದುಕೊಟ್ಟ ರಸೀದಿಯಷ್ಟೇ ಸಾಲದು ಎಂದರು. ಉಳಿದ 4ರಲ್ಲಿ ಅರ್ಜಿ ಮಗನದ್ದು, ಉತಾರೆ ಅಪ್ಪನದ್ದು, ಬ್ಯಾಂಕ್ ಖಾತೆ ಇನ್ನೊಬ್ಬರದ್ದು. ಮಂಜೂರಾದ 9 ಜನ ಮೊಬೈಲಿನಿಂದ ಕಂಪನಿಯ ಖಾತೆಗೆ ಹಣ ಕಳುಹಿಸಿದ್ದರು, ಕೋಣೆಯ ಕೆಲಸವನ್ನು ತಡವಾಗಿ ಹಿಡಿದಿದ್ದರು. ಯಾರು ನನ್ನ ಮಾತು ಕೇಳಿ ಅವಸರ ಮಾಡಿದರೋ ಅವರೇ ಕಳೆದುಕೊಂಡರು. ಆ 16 ಮನೆಗಳಿಗೂ ನಾನೇ ಹೋಗಿ ವಿಷಯ ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬರು ಚಹಾ ಕೊಟ್ಟು, "ಮುಂದಿನ ಸಲ ಬಿಲ್ಲು ಹೇಗಿರಬೇಕೆಂದು ಮೊದಲೇ ಹೇಳು ತಮ್ಮಾ" ಎಂದಷ್ಟೇ ಅಂದರು. ಆ ಮಾತು ನನ್ನೊಳಗೆ ಇನ್ನೂ ಕುಳಿತಿದೆ.

ಈಗ ಏಪ್ರಿಲ್ ಚಾಟಣಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದ ಮೇಲೆ ನಡೆಯುವ ಸಭೆಯಲ್ಲಿ ನಾನು ಹಲಗೆಯ ಮೇಲೆ ಅಂಕಿ ಬರೆಯುವುದಿಲ್ಲ. ಪ್ರತಿಯೊಬ್ಬರೂ ಉತಾರೆ, ಆಧಾರ್, ಪಾಸ್‌ಬುಕ್ ತಂದು ಜಮಖಾನದ ಮೇಲೆ ಸಾಲಾಗಿ ಇಡುತ್ತಾರೆ. ಮೂರರ ಹೆಸರನ್ನೂ ಗಟ್ಟಿಯಾಗಿ ಓದುತ್ತೇವೆ. ಒಂದಕ್ಷರ ಬೇರೆಯಾದರೂ ಅದನ್ನು ತಿದ್ದುವ ಕೆಲಸ ಅಂದೇ ಆರಂಭ. ಮರಾಠಿ ಕಾಗದದಲ್ಲಿ ಕನ್ನಡದ ಅಡ್ಡಹೆಸರುಗಳು ಒಂದೊಂದು ಕಡೆ ಒಂದೊಂದು ರೂಪ ತಾಳಿರುತ್ತವೆ, ಆದ್ದರಿಂದ ಇದಕ್ಕೇ ಅರ್ಧ ದಿನ ಹಿಡಿಯುತ್ತದೆ. ಪಾಲಿನ ಹಣವನ್ನು ನಗದಾಗಿ ಪಡೆಯುವುದನ್ನು ನಿಲ್ಲಿಸಿದ್ದೇನೆ. ಸಿಮೆಂಟು, ತಗಡು ಕೊಳ್ಳುವ ಮೊದಲು ಪೂರ್ವಸಮ್ಮತಿ ಪತ್ರವನ್ನು ಕಣ್ಣಾರೆ ನೋಡುತ್ತೇನೆ. ನೆರವು ಬರುವುದು ಖರ್ಚಾದ ಮೇಲೆಯೇ ಆದ್ದರಿಂದ, ನಡುವಿನ ತಿಂಗಳುಗಳಿಗೆಂದು ಕಿಲೋಗೆ ಐವತ್ತು ಪೈಸೆಯಂತೆ ಹಿಡಿದು ಕಂಪನಿಯಲ್ಲೇ ಸಣ್ಣ ನಿಧಿ ಮಾಡಿದ್ದೇವೆ. ಶೀತಲ ಕೋಣೆಯ ಯೋಚನೆಯೂ ಇದೆ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಏಳು ವರ್ಷಗಳ ತನಕ ಬಡ್ಡಿಯಲ್ಲಿ ಶೇಕಡಾ 3ರ ರಿಯಾಯಿತಿ ಸಿಗುತ್ತದೆ. ಆದರೆ ಅದು ಸಾಲ. ಎರಡು ಹಂಗಾಮಿನ ಲೆಕ್ಕ ನೋಡದೆ ಅದಕ್ಕೆ ಕೈ ಹಾಕಬಾರದು ಎಂದು ಸಭೆಯಲ್ಲಿ ಹೇಳಿದ್ದೇನೆ.

ಈ ವರ್ಷದ ಸಾಲಿನಲ್ಲಿ ಒಬ್ಬ ಕಾಕಾ ಅವರ ಉತಾರೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದೆ. ವಾರಸಾ ನೋಂದಣಿಗೆ ಮೂವರು ತಂಗಿಯರ ಸಹಿ ಬೇಕು. ಒಬ್ಬರು ಇಂಡಿಯಲ್ಲಿ, ಒಬ್ಬರು ಮಂಗಳವೇಢೆಯಲ್ಲಿ, ಇನ್ನೊಬ್ಬರು ಊರಲ್ಲೇ ಇದ್ದಾರೆ. ಸೋಮವಾರ ಮೂವರೂ ತಲಾಠಿ (ಗ್ರಾಮ ಲೆಕ್ಕಿಗ) ಕಚೇರಿಗೆ ಬರಲು ಒಪ್ಪಿದ್ದಾರೆ. ಕಾಕಾ ನನ್ನನ್ನೂ ಕರೆದಿದ್ದಾರೆ, ಹೋಗುತ್ತೇನೆ.