ಮೂರು ಬಾವಿ, ನಾಲ್ಕನೇ ಸುತ್ತು

ಪೆಟ್ರೋಲ್ ಸೋರಿದ ಜಾಗದ ಬಾವಿ ನೀರಿನ ಪರೀಕ್ಷೆ ಇದು ನಾಲ್ಕನೇ ಸುತ್ತು. ಈ ಸಲದ ರಿಪೋರ್ಟ್ ನೋಡಿ ಮೊದಲು ಲ್ಯಾಬಿನವರದೇ ತಪ್ಪು ಅಂದುಕೊಂಡೆ. ಎರಡನೇ ಬಾವಿಯಲ್ಲಿ ಬೆಂಜೀನ್ (ಪೆಟ್ರೋಲಿನಲ್ಲಿರುವ ವಿಷಕಾರಿ ರಾಸಾಯನಿಕ) ಲೀಟರಿಗೆ 38 ಮೈಕ್ರೋಗ್ರಾಂ. ಮೂರನೇ ಸುತ್ತಿನಲ್ಲಿ ಇದ್ದದ್ದು ಬರೀ 6. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 10. "ಇನ್ನೊಂದು ಸಲ ಹೀಗೇ ಬಂದರೆ ಮುಗೀತು" ಎಂದು ಹೋದ ಸಲ ಡೈರಿಯಲ್ಲಿ ಬರೆದಿದ್ದೆ. ಅದಕ್ಕೆ ಗೀಟು ಹಾಕಿದೆ. ತಾಳೆ ನೋಡಲೆಂದು ಅದೇ ಬಾವಿಯಿಂದ ತುಂಬಿದ್ದ ಜೋಡಿ ಬಾಟಲಿಯಲ್ಲೂ 36 ಬಂದಿದೆ. ಲ್ಯಾಬಿನ ತಪ್ಪಲ್ಲ.

ಹೊಸದಾಗಿ ಓದುವವರಿಗೆ ಹಿಂದಿನ ಕತೆ: ನೆಲದಡಿಯ ಹಳೇ ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದು ಸೋರಿತ್ತು. ಟ್ಯಾಂಕು ತೆಗೆಸಿ, ನೀರು ಒಸರುವವರೆಗೂ ಅಗೆಸಿ, ವಾಸನೆ ಬರುತ್ತಿದ್ದ ಮಣ್ಣನ್ನೆಲ್ಲ ಸಾಗಿಸಿದೆವು. ಗುಂಡಿಯ ಗೋಡೆಯ ಮಣ್ಣು ಪರೀಕ್ಷೆಯಲ್ಲಿ ಪಾಸಾಯಿತು. ಆಮೇಲೆ ಮೂರು ವೀಕ್ಷಣಾ ಬಾವಿ ಕೊರೆಸಿದೆವು. ಒಂದನೆಯದು ನೀರು ಬರುವ ಕಡೆ, ಎರಡನೆಯದು ಗುಂಡಿಯ ಪಕ್ಕ, ಮೂರನೆಯದು ನೀರು ಹೋಗುವ ಕಡೆ. ಒಂದೇ ಗೆರೆಯಲ್ಲಿಲ್ಲದ ಮೂರು ಜಾಗದ ನೀರಿನ ಮಟ್ಟ ಗೊತ್ತಿದ್ದರೆ ನೀರು ಯಾವ ಕಡೆ ಹರಿಯುತ್ತಿದೆ ಎಂದು ಲೆಕ್ಕ ಹಾಕಬಹುದು, ಎರಡು ಸಾಲದು.

ಎರಡನೇ ಸುತ್ತಿನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಆಗ ಮೂರೂ ಬಾವಿಯಲ್ಲಿ ಟಾಲುಯೀನ್ (ಪೆಟ್ರೋಲಿನದೇ ಇನ್ನೊಂದು ರಾಸಾಯನಿಕ) ಬಂದಿತ್ತು, ಒಂದನೆಯದರಲ್ಲೂ! ಶುದ್ಧ ನೀರನ್ನು ಅಲ್ಲೇ ತುಂಬಿ ಕಳಿಸಿದ್ದ ಬಾಟಲಿಯಲ್ಲೂ ಇತ್ತು. ಪಂಪಿಗೆ ಪೆಟ್ರೋಲ್ ಜನರೇಟರ್ ಇಟ್ಟಿದ್ದೆ, ಅದೂ ಗಾಳಿ ಬೀಸುತ್ತಿದ್ದ ಕಡೆಯೇ. ಈಗ ಬ್ಯಾಟರಿ ಪಂಪು.

ಸ್ಯಾಂಪಲ್ ತೆಗೆಯುವ ಕೆಲಸಕ್ಕೆ ಅವಸರ ಆಗಲ್ಲ. ನಿಮಿಷಕ್ಕೆ ಕಾಲು ಲೀಟರಿನಷ್ಟು ನಿಧಾನವಾಗಿ ನೀರು ಎಳೆಯಬೇಕು. ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಮೂರೂ ಒಂದೇ ಕಡೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ 40 ಮಿಲಿಲೀಟರ್ ಗಾಜಿನ ಬಾಟಲಿಯನ್ನು ಅಂಚು ಮೀರಿ ಉಬ್ಬುವಂತೆ ತುಂಬಿ ಮುಚ್ಚಳ ಹಾಕಬೇಕು. ತಲೆಕೆಳಗು ಮಾಡಿ ಬೆರಳಿನಲ್ಲಿ ತಟ್ಟಬೇಕು. ಗುಳ್ಳೆ ಕಂಡರೆ ಆ ಬಾಟಲಿ ಬೇಡ, ಹೊಸದು. ಬೆಂಜೀನಿಗೆ ಒಂದಿಷ್ಟು ಗಾಳಿ ಸಿಕ್ಕಿದರೂ ನೀರು ಬಿಟ್ಟು ಆ ಗಾಳಿಗೆ ಸೇರಿಕೊಳ್ಳುತ್ತದೆ, ರಿಪೋರ್ಟಿನಲ್ಲಿ ಸುಮ್ನೆ ಕಡಿಮೆ ಬರುತ್ತದೆ. ಸೂಕ್ಷ್ಮಜೀವಿಗಳು ದಾರಿಯಲ್ಲೇ ತಿಂದು ಮುಗಿಸದಿರಲಿ ಎಂದು ಬಾಟಲಿಯಲ್ಲಿ ಮೊದಲೇ ಒಂದೆರಡು ಹನಿ ಆಸಿಡ್ ಇರುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟು 14 ದಿನದೊಳಗೆ ಪರೀಕ್ಷೆ ಆಗಬೇಕು.

ಈ ಸಲ ಇದೆಲ್ಲ ಸರಿಯಾಗಿಯೇ ಆಗಿತ್ತು. ಹಾಗಿದ್ದರೆ 38 ಎಲ್ಲಿಂದ ಬಂತು?

ಉತ್ತರ ನಾನು ಉದಾಸೀನ ಮಾಡಿದ್ದ ಕಾಲಂನಲ್ಲಿತ್ತು. ಹೋದ ಸಲ ನೀರು 5.2 ಮೀಟರ್ ಆಳದಲ್ಲಿತ್ತು, ಈಗ 3.9. ಪೆಟ್ರೋಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ನೀರು ಏರಿಳಿದಂತೆ ಅದೂ ಏರಿಳಿದು, ಮಣ್ಣಿನ ಸಂದುಗಳಿಗೆ ಮೆತ್ತಿಕೊಂಡು ಅಲ್ಲೇ ಉಳಿಯುತ್ತದೆ. ನೀರು ಕೆಳಗಿದ್ದಾಗ ಆ ಪಟ್ಟಿ ಒಣಗಿರುತ್ತದೆ, ಬಾವಿ ಚೊಕ್ಕಟವಾಗಿ ಕಾಣುತ್ತದೆ. ನೀರು ಮೇಲೆ ಬಂದು ಅದನ್ನು ನೆನೆಸಿತೋ, ಬೆಂಜೀನ್ ಕರಗಲು ಶುರು. ಪಾರದರ್ಶಕ ಬೇಲರ್ (ಬಾವಿಯಿಂದ ನೀರೆತ್ತುವ ಕೊಳವೆ) ಇಳಿಸಿ ನೋಡಿದೆ, ತೇಲುವ ಪದರವೇನೂ ಇಲ್ಲ. ಆದರೆ ಸಂದಿನಲ್ಲಿ ಸಿಕ್ಕಿಕೊಂಡದ್ದು ಹಾಗೆಲ್ಲ ಬಾವಿಗೆ ಹರಿದು ಬರುವುದಿಲ್ಲ.

ಗೋಡೆಯ ಮಣ್ಣು ಪಾಸಾಗಿತ್ತಲ್ವಾ? ಹಳೇ ಹಾಳೆ ತೆಗೆದು ನೋಡಿದೆ. ಕಟ್ಟಡದ ಪಾಯದ ಕಡೆಯ ಮಣ್ಣಿನ ಸ್ಯಾಂಪಲ್ ತೆಗೆದದ್ದು 2 ಮೀಟರ್ ಆಳದಲ್ಲಿ. ನೀರು ಏರಿಳಿಯುವ ಜಾಗ ಅದಕ್ಕಿಂತ ಸುಮಾರು 2 ಮೀಟರ್ ಕೆಳಗೆ. ಪಾಸಾಗದೆ ಇನ್ನೇನಾಗುತ್ತೆ!

ಸಮಾಧಾನದ ಸುದ್ದಿಯೂ ಉಂಟು. ಮೂರನೇ ಬಾವಿಯಲ್ಲಿ ಬೆಂಜೀನ್ ಪತ್ತೆಯೇ ಆಗಿಲ್ಲ. ಎರಡನೆಯದರಲ್ಲಿ ಆಮ್ಲಜನಕ ಹೆಚ್ಚುಕಮ್ಮಿ ಸೊನ್ನೆ, ಸಲ್ಫೇಟ್ ಒಂದನೆಯದಕ್ಕಿಂತ ಕಡಿಮೆ, ಕರಗಿದ ಕಬ್ಬಿಣ ಜಾಸ್ತಿ. ಅಂದರೆ ಸೂಕ್ಷ್ಮಜೀವಿಗಳು ಪೆಟ್ರೋಲನ್ನು ತಿನ್ನುತ್ತಿರುವ ಲಕ್ಷಣ. ಇದನ್ನೇ ನಂಬಿ ಕೈಕಟ್ಟಿ ಕೂರುವಷ್ಟು ಧೈರ್ಯ ನನಗಿಲ್ಲ.

ಮುಂದಿನ ಕೆಲಸ: ಪಾಯದ ಪಕ್ಕ ಎರಡು ಕಡೆ ಕೊರೆಸಿ, 3ರಿಂದ 5.5 ಮೀಟರ್‌ವರೆಗೆ ಪ್ರತಿ ಅರ್ಧ ಮೀಟರಿಗೊಂದು ಮಣ್ಣಿನ ಸ್ಯಾಂಪಲ್. ಐದನೇ ಸುತ್ತು ನೀರು ಇಳಿಯುವ ಮೊದಲೇ.